ಮಲ್ಪೆ ಐಸ್ ಪ್ಲಾಂಟ್ ಕಂಡೆನ್ಸರ್: ಟ್ಯೂಬ್ ಮಾತ್ರ ಬದಲಿಸುವುದಾ, ಹೊಸದೇ ತರುವುದಾ?

ಮಲ್ಪೆ_ಐಸ್:

ಎಲ್ಲರಿಗೂ ನಮಸ್ಕಾರ. ಮಲ್ಪೆ ಹತ್ತಿರ ನಮ್ಮದೊಂದು ಐಸ್ ಪ್ಲಾಂಟ್ ಉಂಟು, ದಿನಕ್ಕೆ 30 ಟನ್ ಬ್ಲಾಕ್ ಐಸ್. ಅಮೋನಿಯಾ ಸಿಸ್ಟಮ್. ಅಮೋನಿಯಾ ಗ್ಯಾಸನ್ನು ತಣಿಸಿ ದ್ರವ ಮಾಡುವ ಕಂಡೆನ್ಸರ್ ಅಡ್ಡ ಮಲಗಿಸಿದ ಶೆಲ್ ಅಂಡ್ ಟ್ಯೂಬ್ (ದೊಡ್ಡ ಸಿಲಿಂಡರ್, ಅದರೊಳಗೆ ಟ್ಯೂಬ್‌ಗಳ ಕಟ್ಟು), ಅಪ್ಪನ ಕಾಲದ್ದು. ಶೆಲ್ ಒಳಗೆ ಅಮೋನಿಯಾ, ಟ್ಯೂಬ್ ಒಳಗೆ ನೀರು. ಒಂದಿಂಚಿನ ಕಾರ್ಬನ್ ಸ್ಟೀಲ್ ಟ್ಯೂಬ್, 14 ಗೇಜ್ ದಪ್ಪ, 4 ಮೀಟರ್ ಉದ್ದ, ಒಟ್ಟು 136, ನಾಲ್ಕು ಪಾಸ್, ಅಂದರೆ ನೀರು ನಾಲ್ಕು ಸಲ ಆಚೆ ಈಚೆ ಹೋಗಿ ಹೊರಬರುತ್ತದೆ. ನೀರು ಬೋರ್‌ವೆಲ್‌ನದ್ದು, ಕೂಲಿಂಗ್ ಟವರ್ ಮೂಲಕ ತಿರುಗುತ್ತದೆ.

ತೊಂದರೆ ಎಂತ ಅಂದ್ರೆ ಟ್ಯೂಬ್ ಒಂದೊಂದಾಗಿ ತೂತು ಬೀಳುತ್ತಿವೆ. ತೂತಾದದ್ದಕ್ಕೆ ಎರಡೂ ತುದಿಗೆ ಪ್ಲಗ್ ಹೊಡೆದು ಹೊಡೆದು ಈಗ 15 ಟ್ಯೂಬ್ ಕೆಲಸಕ್ಕಿಲ್ಲ. ಹೆಡ್ ಪ್ರೆಶರ್ (ಕಂಡೆನ್ಸರ್ ಒಳಗಿನ ಅಮೋನಿಯಾ ಒತ್ತಡ) ಮೊದಲೆಲ್ಲ ಬೇಸಿಗೆಯಲ್ಲೂ 180 ಪಿಎಸ್‌ಐ ಆಸುಪಾಸು ಇರುತ್ತಿತ್ತು, ಈಗ 210ರಿಂದ ಇಳಿಯುವುದೇ ಇಲ್ಲ. ಕಂಪ್ರೆಸರ್ ಮೋಟಾರ್ 75 ಕಿಲೋವಾಟ್. ಮೆಸ್ಕಾಂ ಬಿಲ್ ನೋಡಿದರೆ ತಲೆಬಿಸಿ.

ಬೋರ್ ನೀರು ಫೆಬ್ರವರಿಯಿಂದ ಉಪ್ಪಾಗಲು ಶುರು. ಮೇ ತಿಂಗಳ ಲ್ಯಾಬ್ ರಿಪೋರ್ಟ್‌ನಲ್ಲಿ ಕ್ಲೋರೈಡ್ 900 ಪಿಪಿಎಂ ಬಂದಿದೆ. ಮಳೆಗಾಲ ಮುಗಿದ ಮೇಲೆ ತೆಗೆಸಿದ್ದರಲ್ಲಿ 120 ಇತ್ತು.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬೋಟ್‌ಗಳಿಗೆ ರಜೆ, ನಮಗೂ ರಜೆ. ಏನೇ ಮಾಡುವುದಿದ್ದರೂ ಆಗಲೇ ಮುಗಿಸಬೇಕು. ಮೂರು ದಾರಿ ಕಾಣುತ್ತಿದೆ. ಅದೇ ಕಾರ್ಬನ್ ಸ್ಟೀಲ್ ಟ್ಯೂಬ್ ಹಾಕಿ ರೀಟ್ಯೂಬಿಂಗ್ ಮಾಡಿಸುವುದು ಒಂದು. ಇನ್ನೊಂದು, ಮಂಗಳೂರಿನ ಒಬ್ಬರು ಗುಜರಿಯವರ ಹತ್ತಿರ ಹಳೆ ಹಡಗಿನ ಕ್ಯುಪ್ರೋನಿಕಲ್ (ತಾಮ್ರ–ನಿಕಲ್ ಮಿಶ್ರಲೋಹ) ಟ್ಯೂಬ್ ಉಂಟು, ಸೈಜೂ ಸರಿ, ರೇಟೂ ಸಲೀಸು. ಸಮುದ್ರದ ನೀರಿನಲ್ಲೇ ಓಡಿದ ಮಾಲು, ನಿಮ್ಮ ಬೋರ್ ನೀರು ಅದಕ್ಕೆ ಲೆಕ್ಕಕ್ಕೇ ಇಲ್ಲ ಅಂತಾರೆ. ಮೂರನೆಯದು ಹೊಸ ಕಂಡೆನ್ಸರ್, ಅದಕ್ಕೆ ಕೊಟೇಶನ್ ಕೊಟ್ಟವರು 316 ಜಾತಿಯ ಸ್ಟೇನ್‌ಲೆಸ್ ಸ್ಟೀಲ್ ಹಾಕಿ ಬಿಡಿ, ಮತ್ತೆ ತಿರುಗಿ ನೋಡುವುದೇ ಬೇಡ ಅಂದಿದ್ದಾರೆ. ನನಗೆ ಕ್ಯುಪ್ರೋನಿಕಲ್ ಕಡೆಗೇ ಮನಸ್ಸು. ಗೊತ್ತಿದ್ದವರು ಹೇಳಿ.

ಬೈಕಂಪಾಡಿ_ಮೆಂಟೇನೆನ್ಸ್:

ಮೊದಲು ಆ ಕ್ಯುಪ್ರೋನಿಕಲ್ ವಿಷಯ ಬಿಟ್ಟುಬಿಡಿ ಮಾರಾಯ್ರೆ. ಉಳಿದದ್ದು ಆಮೇಲೆ ಮಾತಾಡುವ.

ಸಮುದ್ರದ ನೀರಿಗೆ ಕ್ಯುಪ್ರೋನಿಕಲ್ ಒಳ್ಳೆಯದು ಅನ್ನುವುದು ನಿಜವೇ. 90–10 ಕ್ಯುಪ್ರೋನಿಕಲ್ ಹಡಗುಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿ ಉಂಟು. ಆದರೆ ಅಲ್ಲಿ ಟ್ಯೂಬಿನ ಹೊರಗೆ ಇರುವುದು ಹಬೆ, ಇಲ್ಲವೇ ಫ್ರೀಯಾನ್ ಜಾತಿಯ ಗ್ಯಾಸ್. ನಿಮ್ಮಲ್ಲಿ ಹೊರಗೆ ಇರುವುದು ಅಮೋನಿಯಾ. ತಾಮ್ರ ಸೇರಿದ ಯಾವ ಲೋಹಕ್ಕೂ ಅಮೋನಿಯಾ ಆಗಿಬರುವುದಿಲ್ಲ, ಸ್ವಲ್ಪ ನೀರಿನ ಪಸೆ ಸೇರಿದರೆ ಮುಗಿಯಿತು, ತಿನ್ನುತ್ತದೆ, ಬಿರುಕೂ ಬಿಡಿಸುತ್ತದೆ. ಹಿತ್ತಾಳೆಯದ್ದೂ ಇದೇ ಕಥೆ. ನಿಮ್ಮ ಪ್ಲಾಂಟಿನ ಪ್ರೆಶರ್ ಗೇಜ್ ಡಯಲ್ ನೋಡಿ, ಅಮೋನಿಯಾ ಅಂತ ಪ್ರತ್ಯೇಕ ಬರೆದಿರುತ್ತದೆ. ಯಾಕೆ? ಮಾಮೂಲಿ ಗೇಜ್ ಒಳಗಿನ ಬಾಗಿದ ಟ್ಯೂಬ್ ತಾಮ್ರ ಮಿಶ್ರದ್ದು, ಅಮೋನಿಯಾ ಗೇಜ್‌ನದ್ದು ಸ್ಟೀಲಿನದ್ದು. ಒಂದು ಗೇಜಿಗೇ ಇಷ್ಟು ಜಾಗ್ರತೆ ಮಾಡುವವರು 136 ಟ್ಯೂಬ್ ಹಾಕಲಿಕ್ಕುಂಟಾ? ಗುಜರಿಯವರು ಸುಳ್ಳು ಹೇಳಿದ್ದಲ್ಲ. ಅವರು ನೀರಿನ ಕಡೆ ಮಾತ್ರ ನೋಡಿದ್ದಾರೆ. ಕಂಡೆನ್ಸರ್‌ನಂಥ ಹೀಟ್ ಎಕ್ಸ್‌ಚೇಂಜರ್‌ಗೆ ಎರಡು ಕಡೆ ಉಂಟಲ್ವಾ, ಮೆಟೀರಿಯಲ್ ಎರಡೂ ಕಡೆಗೆ ಒಗ್ಗಬೇಕು.

ಇನ್ನು 316. ನಿಮ್ಮ ಬೋರ್ ನೀರಿನಲ್ಲಿ 900 ಅಂದಿರಿ. ಆದರೆ ಟ್ಯೂಬ್ ನೋಡುವುದು ಬೋರ್ ನೀರನ್ನಲ್ಲ, ಟವರ್ ನೀರನ್ನು. ಟವರ್‌ನಲ್ಲಿ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಮೂರು ಪಟ್ಟು ಗಟ್ಟಿಯಾಗಲು ಬಿಟ್ಟರೆ ಕ್ಲೋರೈಡ್ 2,700. ತಣ್ಣನೆ ನೀರಿಗೆ 304 ಸ್ಟೇನ್‌ಲೆಸ್‌ಗೆ 200, 316ಕ್ಕೆ 1,000 ಪಿಪಿಎಂವರೆಗೆ ಪರವಾಗಿಲ್ಲ ಅಂತ ನಮ್ಮಲ್ಲೆಲ್ಲ ಒಂದು ಅಂದಾಜು ಇಟ್ಟುಕೊಳ್ಳುತ್ತೇವೆ. 2,700ಕ್ಕೆ, ಅದೂ ಒಳಗೆ ಕೆಸರು ಕೂತ ಟ್ಯೂಬಿಗೆ, 316 ತೂತಾಗುವುದಿಲ್ಲ ಅಂತ ಯಾರೂ ಬರೆದು ಕೊಡುವುದಿಲ್ಲ. ಸ್ಟೇನ್‌ಲೆಸ್ ಒಂದೇ ಸಮ ಸವೆಯುವುದಿಲ್ಲ. ಹೊರಗಿನಿಂದ ಹೊಳೆಯುತ್ತಿರುತ್ತದೆ, ಒಂದು ಕಡೆ ಸೂಜಿ ಚುಚ್ಚಿದ ಹಾಗೆ ತೂತು. ತಿರುಗಿ ನೋಡುವುದು ಬೇಡ ಅಂದವರ ಹತ್ತಿರ ಟವರ್ ನೀರಿನ ರಿಪೋರ್ಟ್ ಇಟ್ಟು ಗ್ಯಾರಂಟಿ ಕೇಳಿ ನೋಡಿ.

ಗಂಗೊಳ್ಳಿ_ಫಿಟ್ಟರ್:

ಮೇಲಿನವರು ಹೇಳಿದ್ದು ಸರಿ. ನಾನು ಬೇರೆ ಒಂದು ವಿಷಯ ಕೇಳುತ್ತೇನೆ ತಮ್ಮ. 210 ಪ್ರೆಶರ್‌ಗೆ ಟ್ಯೂಬೇ ಕಾರಣ ಅಂತ ಹೇಗೆ ಗೊತ್ತಾಯಿತು? ಸಿಸ್ಟಮ್ ಒಳಗೆ ಗಾಳಿ ಸೇರಿದ್ದರೂ ಹಾಗೇ ಆಗುತ್ತದೆ.

ನೋಡುವುದು ಸುಲಭ. ಕಂಪ್ರೆಸರ್ ನಿಲ್ಲಿಸಿ. ನೀರಿನ ಪಂಪ್ ಓಡುತ್ತಿರಲಿ. ಕಂಡೆನ್ಸರ್‌ಗೆ ಒಳಗೆ ಹೋಗುವ ನೀರು, ಹೊರಗೆ ಬರುವ ನೀರು ಎರಡರ ಬಿಸಿಯೂ ಒಂದೇ ಆಗುವ ತನಕ ಕಾಯಿರಿ. ಆಮೇಲೆ ಗೇಜ್ ನೋಡಿ. ಬರೀ ಅಮೋನಿಯಾ ಇದ್ದರೆ 30 ಡಿಗ್ರಿಗೆ ಸುಮಾರು 155 ಪಿಎಸ್‌ಐ, 35ಕ್ಕೆ 181, 40ಕ್ಕೆ 211 ತೋರಿಸಬೇಕು. ಅದಕ್ಕಿಂತ ಜಾಸ್ತಿ ಎಷ್ಟು ತೋರಿಸುತ್ತದೋ ಅಷ್ಟು ಗಾಳಿ. ಸಕ್ಷನ್ ಕಡೆ (ಕಂಪ್ರೆಸರ್ ಗ್ಯಾಸ್ ಎಳೆದುಕೊಳ್ಳುವ ಕಡೆ) ವ್ಯಾಕ್ಯೂಮ್‌ಗೆ ಹೋಗುವ ಪ್ಲಾಂಟ್ ಆದರೆ ಗ್ಲ್ಯಾಂಡ್‌ನಿಂದ (ಶಾಫ್ಟ್, ವಾಲ್ವ್ ಸೀಲ್ ಇರುವ ಜಾಗದಿಂದ) ಹೊರಗಿನ ಗಾಳಿ ಎಳೆಯುತ್ತದೆ. ರಿಪೇರಿಗೆ ಬಿಚ್ಚಿದಾಗಲೂ ಸೇರುತ್ತದೆ.

ಗಾಳಿ ಬಿಡುವಾಗ ಹೋಸ್ ತುದಿಯನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ, ವಾಲ್ವ್ ಸ್ವಲ್ಪವೇ ತೆರೆಯಿರಿ. ಗುಳ್ಳೆ ಮೇಲೆ ತನಕ ಬಂದು ಒಡೆದರೆ ಗಾಳಿ. ಗುಳ್ಳೆ ಮೇಲೆ ಬಾರದೆ ನೀರಿನೊಳಗೇ ಚಟಚಟ ಅಂದರೆ ಅದು ಅಮೋನಿಯಾ, ನಿಲ್ಲಿಸಬಹುದು. ಲೈನ್‌ನಲ್ಲಿ ನಾನ್ ರಿಟರ್ನ್ ವಾಲ್ವ್ ಇರಲಿ, ಇಲ್ಲದಿದ್ದರೆ ಡ್ರಮ್ಮಿನ ನೀರು ಹಿಂದಕ್ಕೆ ಎಳೆಯುತ್ತದೆ. ಮಾಸ್ಕ್ ಇಲ್ಲದೆ ಮಾಡಬೇಡಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿಕೊಂಡು ನಿಲ್ಲಿ.

ಇನ್ನೆರಡು ಪ್ರಶ್ನೆ. ತೂತಾಗಿ ತೆಗೆದ ಟ್ಯೂಬ್ ಏನಾದರೂ ಇಟ್ಟುಕೊಂಡಿದ್ದೀರಾ? ತೂತು ಯಾವ ತಿಂಗಳಲ್ಲಿ ಜಾಸ್ತಿ ಬರುವುದು?

ಕರಾವಳಿ_ಕೂಲ್:

ಸುಮ್ನೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುವುದು, ಇವಾಪೊರೇಟಿವ್ ಕಂಡೆನ್ಸರ್ ಹಾಕಿ. ಟವರ್ ಬೇಡ, ಶೆಲ್ ಬೇಡ, ಕಾಯಿಲ್ ಮೇಲೆ ನೀರು ಬಿಟ್ಟರೆ ಆಯಿತು. ನೀರೂ ಕಡಿಮೆ ಸಾಕು. ಇಲ್ಲದಿದ್ದರೆ ಟೈಟಾನಿಯಂ ಪ್ಲೇಟ್ ಕಂಡೆನ್ಸರ್ ಬರುತ್ತದೆ, ಮೂಲೆಯಲ್ಲಿ ಕೂರುತ್ತದೆ, ಅಮೋನಿಯಾವೂ ಸ್ವಲ್ಪವೇ ಸಾಕು. ಶೆಲ್ ಅಂಡ್ ಟ್ಯೂಬ್ ಎಲ್ಲ ಹಳೆ ಕಾಲದ್ದು.

ಮಲ್ಪೆ_ಐಸ್:

ಫಿಟ್ಟರ್ ಅಣ್ಣ, ನೀವು ಹೇಳಿದ ಹಾಗೆ ನೋಡಿದೆವು. ನೀರು ಎರಡೂ ಕಡೆ 31 ಡಿಗ್ರಿಗೆ ಬಂದು ನಿಂತಿತು. ಗೇಜ್ 172. ಲೆಕ್ಕದ ಪ್ರಕಾರ 160 ಇರಬೇಕಿತ್ತು ಅಲ್ವಾ? ಗಾಳಿ ಬಿಟ್ಟೆವು, ಗುಳ್ಳೆ ತುಂಬಾ ಹೊತ್ತು ಬಂತು. ಈಗ ಓಡುವಾಗ 198–200 ತೋರಿಸುತ್ತಿದೆ. ಅಂದರೆ ಒಂದು ಪಾಲು ಗಾಳಿಯದ್ದೇ ಇತ್ತು. ಉಳಿದ 20 ಟ್ಯೂಬಿನದ್ದೇ ಇರಬೇಕು.

ತೆಗೆದ ಟ್ಯೂಬ್ ಎರಡು ಶೆಡ್ಡಿನ ಹಿಂದೆ ಬಿದ್ದಿತ್ತು. ಉದ್ದಕ್ಕೆ ಸೀಳಿಸಿ ನೋಡಿದೆ. ಮೇಲಿನ ಅರ್ಧ ಪರವಾಗಿಲ್ಲ, ಬಿಳಿ ಪದರ ಕಟ್ಟಿದೆ ಅಷ್ಟೇ. ಕೆಳಗಿನ ಭಾಗದಲ್ಲಿ ಉದ್ದಕ್ಕೂ ಕೆಂಪು ಮಣ್ಣು ಕೂತು ಗಟ್ಟಿಯಾಗಿದೆ. ಅದನ್ನು ಕೆರೆದರೆ ಅಡಿಯಲ್ಲಿ ಕಪ್ಪು ಪುಡಿ, ಅದರ ಕೆಳಗೆ ಗುಳಿ, ಸಾಲಾಗಿ. ಒಂದೆರಡು ಆರಪಾರ.

ತಿಂಗಳಿನ ವಿಷಯ ಅಪ್ಪನ ಹಳೆ ಲಾಗ್ ಪುಸ್ತಕ ತೆಗೆದು ನೋಡಿದೆ. ಲೀಕ್ ಸಿಕ್ಕಿದ್ದು ಹೆಚ್ಚು ಕಡಿಮೆ ಎಲ್ಲ ಆಗಸ್ಟ್, ಸೆಪ್ಟೆಂಬರ್‌ನಲ್ಲೇ. ಉಪ್ಪು ನೀರು ಇರುವುದು ಮಾರ್ಚ್, ಏಪ್ರಿಲ್, ಮೇ. ಇದು ನನಗೆ ಅರ್ಥ ಆಗಲಿಲ್ಲ.

ಗಂಗೊಳ್ಳಿ_ಫಿಟ್ಟರ್:

ನನಗೆ ಅರ್ಥ ಆಯಿತು. ರಜೆಯ ಎರಡು ತಿಂಗಳು ಕಂಡೆನ್ಸರ್ ಒಳಗಿನ ನೀರು ಎಂತ ಮಾಡುತ್ತೀರಿ?

ಮಲ್ಪೆ_ಐಸ್:

ವಾಲ್ವ್ ಬಂದ್ ಮಾಡಿ ಹಾಗೇ ಬಿಡುವುದು. ಮೊದಲಿನಿಂದಲೂ ಹಾಗೇ. ನಮ್ಮಲ್ಲಿ ಮಾತ್ರ ಅಲ್ಲ, ಹೆಚ್ಚಿನವರು ಹಾಗೇ ಮಾಡುವುದು.

ಗಂಗೊಳ್ಳಿ_ಫಿಟ್ಟರ್:

ಅದೇ. ಮೇ ಕೊನೆಯ ನೀರು ಅಂದರೆ ವರ್ಷದಲ್ಲೇ ಹೆಚ್ಚು ಉಪ್ಪಿನ ನೀರು, ಅದೂ ಟವರ್‌ನಲ್ಲಿ ಗಟ್ಟಿಯಾದದ್ದು. ಅದನ್ನೇ ಒಳಗೆ ಕೂಡಿ ಹಾಕಿ ಬೀಗ ಹಾಕುತ್ತೀರಿ. ನೀರು ಓಡುತ್ತಿದ್ದರೆ ಮಣ್ಣು ಅಷ್ಟು ಕೂರುವುದಿಲ್ಲ. ನಿಂತ ಕೂಡಲೇ ಎಲ್ಲ ಕೆಳಗೆ ಇಳಿಯುತ್ತದೆ. ಮಣ್ಣಿನ ಅಡಿಯಲ್ಲಿ ಗಾಳಿ ಆಡುವುದಿಲ್ಲ, ಮೇಲೆ ಸ್ವಲ್ಪ ಆಡುತ್ತದೆ, ಆ ವ್ಯತ್ಯಾಸವೇ ಕಬ್ಬಿಣವನ್ನು ತಿನ್ನುವುದು. ಕೊಳೆತ ಮೊಟ್ಟೆ ವಾಸನೆ ಬರುವ ಬ್ಯಾಕ್ಟೀರಿಯಾ ಅಲ್ಲಿ ಸೇರಿಕೊಂಡರೆ ಕೇಳುವುದೇ ಬೇಡ, ನೀವು ನೋಡಿದ ಕಪ್ಪು ಪುಡಿ ಅದರದ್ದೇ ಇರಬಹುದು. ಆ ಪುಡಿಗೆ ಎರಡು ಹನಿ ಆಸಿಡ್ ಬಿಟ್ಟು ದೂರದಿಂದ ಮೂಸಿ ನೋಡಿ, ವಾಸನೆ ಬಂದರೆ ಅದೇ. ಆಗಸ್ಟ್‌ನಲ್ಲಿ ಪ್ರೆಶರ್ ಏರಿಸಿದಾಗ ತೆಳ್ಳಗಾದ ಜಾಗ ಕೈ ಕೊಡುತ್ತದೆ.

ಹಾಗಾಗಿ ನಿಮ್ಮ ಟ್ಯೂಬ್ ಸಾಯುತ್ತಿರುವುದು ಕೆಲಸದಲ್ಲಿ ಅಲ್ಲ, ರಜೆಯಲ್ಲಿ. ಅದನ್ನು ಸರಿ ಮಾಡದೆ ಯಾವ ಟ್ಯೂಬ್ ಹಾಕಿದರೂ, 316 ಹಾಕಿದರೂ, ಇದೇ ಪಾಡು.

ಸುರತ್ಕಲ್_ಮೆಕ್:

ತಡವಾಗಿ ನೋಡಿದೆ. ಒಂದಿಷ್ಟು ಲೆಕ್ಕ ಹಾಕಿದ್ದೇನೆ, ಉದ್ದ ಆಯಿತು ಅಂದರೆ ಕ್ಷಮಿಸಿ.

30 ಡಿಗ್ರಿ ನೀರನ್ನು ಸೊನ್ನೆಗೆ ಇಳಿಸಿ, ಐಸ್ ಮಾಡಿ, ಇನ್ನೂ ಎಂಟು ಡಿಗ್ರಿ ಕೆಳಗೆ ತರಲು ಕೆಜಿಗೆ ಸುಮಾರು 477 ಕಿಲೋಜೌಲ್ ತೆಗೆಯಬೇಕು. 30 ಟನ್‌ಗೆ, ಟ್ಯಾಂಕ್ ನಷ್ಟ ಎಲ್ಲ ಸೇರಿಸಿ, 195 ಕಿಲೋವಾಟ್ ಹತ್ತಿರ ಬರುತ್ತದೆ. ಅದರ ಮೇಲೆ ಕಂಪ್ರೆಸರ್ ಹಾಕಿದ ಶಕ್ತಿಯನ್ನೂ ಕಂಡೆನ್ಸರೇ ಹೊರಹಾಕಬೇಕಲ್ಲ, ಒಟ್ಟು 245 ಅಂತ ಇಟ್ಟುಕೊಳ್ಳಿ. ನೀರು 5 ಡಿಗ್ರಿ ಬಿಸಿಯಾಗಿ ಹೊರಬರುತ್ತದೆ ಅಂದರೆ ಗಂಟೆಗೆ ಸುಮಾರು 42 ಘನ ಮೀಟರ್ ನೀರು ಬೇಕು.

ಈಗ ಸ್ವಾರಸ್ಯ ಇರುವುದು ಇಲ್ಲಿ. 136 ಟ್ಯೂಬ್ ನಾಲ್ಕು ಪಾಸ್ ಅಂದರೆ ಒಂದು ಪಾಸ್‌ಗೆ 34. ಒಂದಿಂಚು 14 ಗೇಜ್ ಟ್ಯೂಬಿನ ಒಳ ವ್ಯಾಸ 21 ಮಿಮೀ ಚಿಲ್ಲರೆ. ನೀರಿನ ವೇಗ ಸೆಕೆಂಡಿಗೆ ಒಂದು ಮೀಟರ್ ಕೂಡ ಬರುವುದಿಲ್ಲ. ಟ್ಯೂಬಿನಲ್ಲಿ ಮಣ್ಣು ಕೂರದಿರಬೇಕಾದರೆ 1.5ರಿಂದ 2.4 ಬೇಕು ಅಂತಾರೆ. ಎಂಟು ಪಾಸ್ ಮಾಡಿದರೆ 1.9ರ ಹತ್ತಿರ ಹೋಗುತ್ತದೆ. ಅಂದರೆ ನಿಮ್ಮಲ್ಲಿ ಮಣ್ಣು ರಜೆಯಲ್ಲಿ ಮಾತ್ರ ಅಲ್ಲ, ಓಡುವಾಗಲೂ ಸ್ವಲ್ಪ ಸ್ವಲ್ಪ ಕೂರುತ್ತಿದೆ. ಎಂಡ್ ಕವರ್ (ಕಂಡೆನ್ಸರ್ ತುದಿಯ ಮುಚ್ಚಳ) ಹೊಸದು ಮಾಡಿಸಿ ಪಾಸ್ ಹೆಚ್ಚಿಸಬಹುದು, ಆದರೆ ಪಂಪ್ ತಡೆಯಬೇಕು. ವೇಗ ಎರಡು ಪಟ್ಟು, ನೀರು ಓಡುವ ದಾರಿಯೂ ಎರಡು ಪಟ್ಟು, ಪ್ರೆಶರ್ ಡ್ರಾಪ್ ಏಳೆಂಟು ಪಟ್ಟು ಆಗುತ್ತದೆ. ಪಂಪಿನ ಕರ್ವ್ ನೋಡದೆ ಕೈ ಹಾಕಬೇಡಿ.

ಹೊಸ ಕಂಡೆನ್ಸರ್ ಕೊಟೇಶನ್ ಬಂದರೆ ಅದರಲ್ಲಿ ಫೌಲಿಂಗ್ ಫ್ಯಾಕ್ಟರ್ (ಕೊಳೆ ಕೂತರೆ ಬಿಸಿ ದಾಟಲು ಎಷ್ಟು ಅಡ್ಡಿ ಅನ್ನುವ ಅಂಕಿ) ಎಷ್ಟು ಹಿಡಿದಿದ್ದಾರೆ ಅಂತ ಮೊದಲು ನೋಡಿ. ಚೊಕ್ಕ ಟ್ಯೂಬಿನ ಯು ಬೆಲೆ, ಅಂದರೆ ಬಿಸಿ ದಾಟಿಸುವ ಶಕ್ತಿ, 1,100 ಅಂತ ಇಟ್ಟುಕೊಂಡು, ಫೌಲಿಂಗ್ 0.00009 ಹಾಕಿದರೆ ಸುಮಾರು 34 ಚದರ ಮೀಟರ್ ಟ್ಯೂಬ್ ಮೈ ಸಾಕು ಅಂತ ಬರುತ್ತದೆ. 0.00035 ಹಾಕಿದರೆ 43. ರೇಟ್ ಕಡಿಮೆ ತೋರಿಸಬೇಕಾದವರು ಮೊದಲಿನದ್ದನ್ನು ಹಿಡಿಯುತ್ತಾರೆ. ನಿಮ್ಮ ನೀರಿಗೆ ಎರಡನೆಯದ್ದೇ ಸರಿ. ಹಾಗಂತ ಇರಲಿ ಅಂತ ಇನ್ನೂ ದೊಡ್ಡದು ತರುವುದೂ ದಂಡ. ಟ್ಯೂಬ್ ಜಾಸ್ತಿಯಾದ ಹಾಗೆ ವೇಗ ಕಡಿಮೆಯಾಗುತ್ತದೆ, ಕೊಳೆಗೆ ಹೆದರಿ ದೊಡ್ಡದು ತಂದವರ ಮನೆಗೇ ಕೊಳೆ ಬೇಗ ಬರುವುದು.

ಬಿಲ್ ಬಗ್ಗೆ ಹೇಳುವುದಾದರೆ, ಕಂಡೆನ್ಸಿಂಗ್ ಬಿಸಿ ಒಂದು ಡಿಗ್ರಿ ಏರಿದರೆ ಕಂಪ್ರೆಸರ್‌ಗೆ ಶೇಕಡಾ 2ರಿಂದ 3 ಜಾಸ್ತಿ ಕರೆಂಟ್. 181ರಿಂದ 211ಕ್ಕೆ ಅಂದರೆ 5 ಡಿಗ್ರಿ. ಶೇಕಡಾ 10 ಅಂತಲೇ ಹಿಡಿಯಿರಿ, 75 ಕಿಲೋವಾಟ್ ಪೂರ್ತಿ ಲೋಡ್‌ನಲ್ಲಿ 20 ಗಂಟೆ ಓಡಿದರೆ ದಿನಕ್ಕೆ 150 ಯೂನಿಟ್ ದಂಡ.

ಬೈಕಂಪಾಡಿ_ಮೆಂಟೇನೆನ್ಸ್:

ಸುರತ್ಕಲ್‌ನವರ ಲೆಕ್ಕ ಚೆನ್ನಾಗಿ ಉಂಟು. ಒಂದು ಸೇರಿಸುತ್ತೇನೆ. ಎಂಡ್ ಕವರ್ ಒಳಗೆ ಪಾಸ್ ಬೇರೆ ಮಾಡುವ ತಟ್ಟೆ ಇರುತ್ತದಲ್ಲ, ಅದರ ಗ್ಯಾಸ್ಕೆಟ್ ಹೋಗಿದ್ದರೆ ನೀರು ಟ್ಯೂಬಿಗೆ ಹೋಗದೆ ಅಲ್ಲೇ ಅಡ್ಡದಾರಿ ಹಿಡಿದು ಹೊರಗೆ ಬರುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಕವರ್ ಬಿಚ್ಚಿದಾಗ ಆ ತಟ್ಟೆಯ ಅಂಚು ತುಕ್ಕು ತಿಂದು ಗರಗಸದ ಹಾಗೆ ಆಗಿದೆಯಾ ನೋಡಿ.

ಕರಾವಳಿ ಕೂಲ್ ಅವರೇ, ಹಳೆ ಕಾಲದ್ದು ಅಂದ ಮಾತ್ರಕ್ಕೆ ಬಿಸಾಡಲಿಕ್ಕಾಗುವುದಿಲ್ಲ. ಇವಾಪೊರೇಟಿವ್ ಒಳ್ಳೆಯದೇ, ಆದರೆ ಅದರ ಕಾಯಿಲ್ ಸಾಮಾನ್ಯವಾಗಿ ಗ್ಯಾಲ್ವನೈಸ್ಡ್ ಕಬ್ಬಿಣ, ಅದರ ಮೇಲೆ ಈ ಉಪ್ಪು ನೀರು ಸುರಿದು ಒಣಗಿ ಸುರಿದು ಒಣಗಿ ಕಾಯಿಲ್ ಹೊರಗೇ ಪದರ ಕಟ್ಟುತ್ತದೆ. ಟ್ಯೂಬ್ ಒಳಗಿನ ಪದರ ಬ್ರಶ್ ಹಾಕಿ ತೆಗೆಯಬಹುದು, ಕಾಯಿಲ್ ನಡುವಿನದ್ದು ಯಾರು ತೆಗೆಯುವುದು? ಪ್ಲೇಟ್ ಬಗ್ಗೆ ನನ್ನ ತಕರಾರಿಲ್ಲ, ಟೈಟಾನಿಯಂಗೆ ಅಮೋನಿಯಾವೂ ಸಮುದ್ರದ ನೀರೂ ಎರಡೂ ಒಗ್ಗುತ್ತದೆ. ಆದರೆ ಸಂದು ಸಣ್ಣದು, ಮುಂದೆ ಒಳ್ಳೆಯ ಸ್ಟ್ರೇನರ್ ಇಲ್ಲದಿದ್ದರೆ ಕೆಸರಿಗೇ ಕಟ್ಟಿಕೊಳ್ಳುತ್ತದೆ. ಗ್ಯಾಸ್ಕೆಟ್ ಬೇಕಾದಾಗ ಕಂಪನಿಯವರಿಗೇ ಕಾಯಬೇಕು.

ಶೆಲ್ ಅಂಡ್ ಟ್ಯೂಬ್‌ನಲ್ಲಿ ಯಾವ ತರಹದ್ದು ಅನ್ನುವುದಕ್ಕೆ ನಿಮ್ಮ ಮಟ್ಟಿಗೆ ಉತ್ತರ ಸುಲಭ. ಕೊಳೆ ಇರುವುದು ನೀರಿನ ಕಡೆ, ನೀರು ಇರುವುದು ಟ್ಯೂಬ್ ಒಳಗೆ. ಹಾಗಾಗಿ ನೇರ ಟ್ಯೂಬ್, ಎರಡೂ ಕಡೆ ಟ್ಯೂಬ್ ಶೀಟ್ (ಟ್ಯೂಬ್ ತುದಿ ಕೂರುವ ತೂತಿನ ತಟ್ಟೆ) ಶೆಲ್‌ಗೆ ವೆಲ್ಡ್ ಆದದ್ದು, ಎರಡೂ ಕವರ್ ಬಿಚ್ಚಿ ಬ್ರಶ್ ಹಾಕಲು ಬರುವಂಥದ್ದು ಸಾಕು. ಯು ಟ್ಯೂಬ್ ಕಡಿಮೆಗೆ ಸಿಗುತ್ತದೆ ಅಂತ ತರಬೇಡಿ. ಬಾಗಿದ ಜಾಗಕ್ಕೆ ಬ್ರಶ್ ಹೋಗುವುದಿಲ್ಲ, ಒಳಸಾಲಿನ ಒಂದು ಟ್ಯೂಬ್ ಹೋದರೆ ಅದೊಂದನ್ನೇ ತೆಗೆಯಲಿಕ್ಕೂ ಆಗುವುದಿಲ್ಲ, ಪ್ಲಗ್ ಹೊಡೆಯುವುದೇ ಗತಿ. ನಮ್ಮ ಅಡುಗೆ ಎಣ್ಣೆ ಪ್ಲಾಂಟಿನ ಕಥೆ ಬೇರೆ. ಅಲ್ಲಿ ಶೆಲ್ ಕಡೆಯೇ ಎಣ್ಣೆ ಜಿಡ್ಡು ಕಟ್ಟುತ್ತದೆ, ಬಿಸಿಯ ವ್ಯತ್ಯಾಸವೂ ಜಾಸ್ತಿ. ಹಾಗಾಗಿ ಫ್ಲೋಟಿಂಗ್ ಹೆಡ್ (ಶೆಲ್‌ಗೆ ವೆಲ್ಡ್ ಆಗದೆ ಸರಿದಾಡುವ ತುದಿ), ಇಡೀ ಟ್ಯೂಬ್ ಬಂಡಲ್ ಹೊರಗೆಳೆಯುವುದು, ಟ್ಯೂಬ್‌ಗಳು ಚೌಕ ಸಾಲಿನಲ್ಲಿ ಇರುವುದು, ನಡುವೆ ಜೆಟ್ ನೀರು ಹೋಗಲು ಆರು ಮಿಮೀ ಚಿಲ್ಲರೆ ದಾರಿ ಬಿಡುವುದು, ಅದೆಲ್ಲ ಬೇಕೇ ಬೇಕು. ನಿಮಗೆ ಅದಕ್ಕೆ ದುಡ್ಡು ಹಾಕಿದರೆ ದಂಡ. ಅಮೋನಿಯಾ ಕಡೆ ಸೇರುವುದು ಕಂಪ್ರೆಸರ್ ಎಣ್ಣೆ ಮಾತ್ರ, ಅದು ದ್ರವ ಅಮೋನಿಯಾಗಿಂತ ಭಾರ, ಕೆಳಗೆ ಇಳಿಯುತ್ತದೆ, ಡ್ರೈನ್ ಮಾಡಿದರಾಯಿತು.

ರೀಟ್ಯೂಬಿಂಗ್‌ಗೆ ಮೊದಲು ಶೆಲ್ ದಪ್ಪ ಅಲ್ಟ್ರಾಸಾನಿಕ್‌ನಲ್ಲಿ ಅಳೆಸಿ. ಕಡಲಿನ ಗಾಳಿಗೆ ಸ್ಯಾಡಲ್ (ಶೆಲ್ ಹೊರುವ ಆಧಾರ) ಕೂತ ಜಾಗದಲ್ಲಿ, ಪೇಂಟ್ ಉಬ್ಬಿದ ಜಾಗದಲ್ಲಿ ಹೊರಗಿನಿಂದಲೇ ತಿಂದಿರುತ್ತದೆ. ಶೆಲ್ ತೆಳ್ಳಗಾಗಿದ್ದರೆ ಮಾತ್ರ ಹೊಸದರ ಯೋಚನೆ ಮಾಡಿ. ಶೆಲ್, ಟ್ಯೂಬ್ ಶೀಟ್ ಗಟ್ಟಿ ಇದ್ದರೆ ಈ ಸಲ ಕಾರ್ಬನ್ ಸ್ಟೀಲೇ ಹಾಕಿ, 14ರ ಬದಲು 12 ಗೇಜ್, ಅಂದರೆ 2.11 ಮಿಮೀ ಇದ್ದದ್ದು 2.77 ಆಗುತ್ತದೆ. ಹಳೆ ಸ್ಟೀಲ್ ಟ್ಯೂಬ್ ಶೀಟ್‌ಗೆ ಟೈಟಾನಿಯಂ ಟ್ಯೂಬ್ ಕೂರಿಸಲು ಹೋಗಬೇಡಿ. ಉಪ್ಪು ನೀರಿನಲ್ಲಿ ಎರಡು ಲೋಹ ಸೇರಿದರೆ ಕಬ್ಬಿಣ ಬೇಗ ಕರಗುತ್ತದೆ, ಟ್ಯೂಬ್ ಉಳಿದು ಶೀಟ್ ಹೋಗುತ್ತದೆ. ಟೈಟಾನಿಯಂ ಬೇಕಿದ್ದರೆ ಹೊಸದಾಗಿಯೇ ಡಿಸೈನ್ ಆಗಬೇಕು.

ಸುರತ್ಕಲ್_ಮೆಕ್:

ಇದನ್ನು ಪೂರ್ತಿ ಒಪ್ಪುವುದಿಲ್ಲ. ಬೋರ್ ನೀರು ವರ್ಷ ವರ್ಷ ಇನ್ನೂ ಉಪ್ಪಾಗುತ್ತಾ ಹೋದರೆ? ಹತ್ತು ವರ್ಷದ ಲೆಕ್ಕ ಹಾಕಿದರೆ ಟೈಟಾನಿಯಂ ದುಬಾರಿ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಟ್ಯೂಬ್ ಶೀಟ್‌ಗೆ ಎಪಾಕ್ಸಿ ಕೋಟಿಂಗ್ ಮಾಡಿ ಓಡಿಸುವವರೂ ಇದ್ದಾರೆ.

ಬೈಕಂಪಾಡಿ_ಮೆಂಟೇನೆನ್ಸ್:

ಕೋಟಿಂಗ್ ಒಂದು ಕಡೆ ಎದ್ದರೆ ಅಷ್ಟೇ ಜಾಗಕ್ಕೆ ಎಲ್ಲ ಪೆಟ್ಟು ಬೀಳುತ್ತದೆ. ಬ್ರಶ್ ಹಾಕುವಾಗ ಏಳದೆ ಇರುತ್ತದಾ? ಹತ್ತು ವರ್ಷದ ಲೆಕ್ಕ ಸರಿ, ಆದರೆ ರಜೆಯಲ್ಲಿ ನೀರು ಇಳಿಸದ ಪ್ಲಾಂಟಿನ ಹಳೆ ಆಯುಷ್ಯ ಹಿಡಿದು ಕಾರ್ಬನ್ ಸ್ಟೀಲನ್ನು ಅಳೆಯಬಾರದಲ್ವಾ. ಒಮ್ಮೆ ಸರಿಯಾಗಿ ನೋಡಿಕೊಂಡು ಆಮೇಲೆ ಹೋಲಿಸುವ.

ಗಂಗೊಳ್ಳಿ_ಫಿಟ್ಟರ್:

ಇಬ್ಬರೂ ಜಗಳ ಆಡಿ, ನಾನು ಕೆಲಸದ ವಿಷಯ ಹೇಳುತ್ತೇನೆ.

ಕವರ್ ಬಿಚ್ಚುವ ಮೊದಲು ಅಮೋನಿಯಾವನ್ನು ರಿಸೀವರ್‌ಗೆ (ದ್ರವ ಅಮೋನಿಯಾ ಶೇಖರಿಸುವ ಟ್ಯಾಂಕಿಗೆ) ಇಳಿಸಿ, ವಾಲ್ವ್ ಬಂದ್ ಮಾಡಿ ಬೀಗ ಹಾಕಿ. ಟ್ಯೂಬ್ ತೂತು ಇರುವ ಕಂಡೆನ್ಸರ್ ಅಂದರೆ ನೀರಿನ ಕಡೆಯಲ್ಲೂ ಅಮೋನಿಯಾ ಇದೆ ಅಂತಲೇ ತಿಳಿಯಬೇಕು. ಬೋಲ್ಟ್ ಪೂರ್ತಿ ತೆಗೆಯದೆ ಕೆಳಗಿನಿಂದ ಸಡಿಲಿಸಿ, ನೀರು ಇಳಿಯಲಿ, ವಾಸನೆ ನೋಡಿ ಮುಂದುವರಿಯಿರಿ.

ಬಿಳಿ ಪದರದ ಒಂದು ಚೂರು ತೆಗೆದು ವಿನೆಗರ್‌ಗೆ ಹಾಕಿ. ಬುಸಬುಸ ನೊರೆ ಬಂದರೆ ಸುಣ್ಣದ ಜಾತಿ, ಸಲ್ಫಾಮಿಕ್ ಆಸಿಡ್‌ಗೆ ಕರಗುತ್ತದೆ. ಆಸಿಡ್ ಕಬ್ಬಿಣ ತಿನ್ನದಂತೆ ತಡೆಯುವ ಇನ್ಹಿಬಿಟರ್ ಹಾಕಿಯೇ ತಿರುಗಿಸಬೇಕು, ಗ್ಯಾಸ್ ಹೋಗಲು ಮೇಲಿನ ವೆಂಟ್ ತೆರೆದಿರಬೇಕು, ಕೊನೆಗೆ ಸೋಡಾ ಆ್ಯಶ್ ನೀರಿನಲ್ಲಿ ತೊಳೆಯಬೇಕು. ನೊರೆ ಬಾರದಿದ್ದರೆ ಆಸಿಡ್ ದಂಡ, ರೋಟರಿ ಬ್ರಶ್ಶೇ ಗತಿ. ತೂತಾಗಲು ಕಾದಿರುವ ಹಳೆ ಟ್ಯೂಬಿಗೆ ಆಸಿಡ್ ಹಾಕಿದರೆ ಮಣ್ಣಿನ ಮುಚ್ಚಳ ಹೋಗಿ ಹತ್ತಿಪ್ಪತ್ತು ಲೀಕ್ ಒಟ್ಟಿಗೆ ಬರಬಹುದು. ಹೇಗೂ ಟ್ಯೂಬ್ ತೆಗೆಯುವವರು ನೀವು, ಈ ಸಲ ಆಸಿಡ್ ಬೇಡವೇ ಬೇಡ.

ಹೊಸ ಟ್ಯೂಬ್ ರೋಲಿಂಗ್ ಮಾಡುವಾಗ (ತುದಿ ಅಗಲಿಸಿ ಶೀಟಿನ ತೂತಿಗೆ ಬಿಗಿ ಮಾಡುವಾಗ) ಪಕ್ಕದಲ್ಲಿ ನಿಂತುಕೊಳ್ಳಿ. ಟ್ಯೂಬ್ ತೆಗೆದ ಮೇಲೆ ಶೀಟಿನ ತೂತುಗಳಿಗೆ ಬೆರಳು ಹಾಕಿ ಸವರಿ, ಉದ್ದಕ್ಕೆ ಗೀರು ಇದ್ದರೆ ಅದೇ ದಾರಿಯಲ್ಲಿ ಅಮೋನಿಯಾ ಸೋರುತ್ತದೆ. ಶೀಟಿನ ಹಿಂಬದಿ ದಾಟಿ ರೋಲ್ ಆಗಬಾರದು, 3 ಮಿಮೀ ಮೊದಲೇ ನಿಲ್ಲಬೇಕು. ದಾಟಿದರೆ ಅಲ್ಲಿ ಟ್ಯೂಬ್ ಉಬ್ಬಿ ತೆಳ್ಳಗಾಗುತ್ತದೆ. ಗಟ್ಟಿಯಾಗಲಿ ಅಂತ ಜಾಸ್ತಿ ರೋಲ್ ಮಾಡುವ ಹುಡುಗರು ಇರುತ್ತಾರೆ, ಬಿಡಬೇಡಿ.

ಇನ್ನು ರಜೆ. ನಾವು ನೀರು ಇಳಿಸಿ, ಸಿಹಿ ನೀರಿನಲ್ಲಿ ತೊಳೆದು, ಕವರ್ ತೆರೆದು ಬಿಡುತ್ತೇವೆ.

ಬೈಕಂಪಾಡಿ_ಮೆಂಟೇನೆನ್ಸ್:

ಕೊನೆಯದ್ದು ಮಾತ್ರ ಬೇಡ ಫಿಟ್ಟರ್ ಅಣ್ಣ. ಜೂನ್, ಜುಲೈ ಮಳೆಗೆ ನಮ್ಮ ಊರಲ್ಲಿ ಗೋಡೆಯೇ ಬೆವರುತ್ತದೆ, ತೆರೆದಿಟ್ಟ ಕಾರ್ಬನ್ ಸ್ಟೀಲ್ ಟ್ಯೂಬ್ ಒಂದೇ ವಾರದಲ್ಲಿ ಕೆಂಪಾಗುತ್ತದೆ. ತೊಳೆದು, ಬ್ರಶ್ ಹಾಕಿ, ಬಿಸಿ ಗಾಳಿ ಊದಿ ಪೂರ್ತಿ ಒಣಗಿಸಿ, ಒಳಗೆ ಸಿಲಿಕಾ ಜೆಲ್ ಚೀಲ ಇಟ್ಟು ಕವರ್ ಮುಚ್ಚಬೇಕು. ಕವರ್ ಮೇಲೆ ಚೀಲ ಎಷ್ಟು ಅಂತ ಪೇಂಟಿನಲ್ಲಿ ಬರೆಯಿರಿ, ತೆಗೆಯದೆ ನೀರು ಬಿಟ್ಟುಬಿಡುವವರು ಇದ್ದಾರೆ.

ಗಂಗೊಳ್ಳಿ_ಫಿಟ್ಟರ್:

ಒಣಗಿಸಲಿಕ್ಕೆ ಆಗುವುದಾದರೆ ಅದೇ ಒಳ್ಳೆಯದು. ಅರ್ಧಂಬರ್ಧ ಒಣಗಿಸಿ ಮುಚ್ಚಿದರೆ ಮಾತ್ರ ನನ್ನದಕ್ಕಿಂತ ಕಡೆ.

ಮಲ್ಪೆ_ಐಸ್:

ತುಂಬಾ ಉಪಕಾರ ಆಯಿತು. ಶೆಲ್ ದಪ್ಪ ಅಳೆಸಿದೆ, ಒಂದು ಸ್ಯಾಡಲ್ ಹತ್ತಿರ ಬಿಟ್ಟರೆ ಎಲ್ಲ ಕಡೆ ಸರಿ ಉಂಟು, ಅಲ್ಲೂ ಲೆಕ್ಕಕ್ಕಿಂತ ಮೇಲೇ ಇದೆ ಅಂದರು. ಗುಜರಿಯವರಿಗೆ ಬೇಡ ಅಂದೆ. 12 ಗೇಜ್ ಕಾರ್ಬನ್ ಸ್ಟೀಲ್ ಟ್ಯೂಬ್‌ಗೇ ಆರ್ಡರ್ ಕೊಡುತ್ತೇನೆ, ಎಂಡ್ ಕವರ್ ಎಂಟು ಪಾಸ್‌ಗೆ ಮಾಡಿಸುವ ಮೊದಲು ಪಂಪಿನವರನ್ನು ಕೇಳುತ್ತೇನೆ. ಟವರ್ ಬ್ಲೋಡೌನ್ (ಉಪ್ಪು ಗಟ್ಟಿಯಾದ ನೀರನ್ನು ಸ್ವಲ್ಪ ಹೊರಬಿಡುವುದು) ಮಾರ್ಚ್‌ನಿಂದ ಜಾಸ್ತಿ ಮಾಡಬೇಕು ಅಂತ ಬರೆದಿಟ್ಟಿದ್ದೇನೆ. ಕೊನೆಯದಾಗಿ ಒಂದು ಕೇಳುತ್ತೇನೆ, ಹೊಸ ಟ್ಯೂಬ್ ಹಾಕಿದ ಮೇಲೆ ಲೀಕ್ ಶುರುವಾದರೆ ಬೇಗ ಗೊತ್ತಾಗುವುದು ಹೇಗೆ? ಈಗ ನಮಗೆ ವಾಸನೆ ಬಂದ ಮೇಲೆಯೇ ಗೊತ್ತಾಗುವುದು.

ಬೈಕಂಪಾಡಿ_ಮೆಂಟೇನೆನ್ಸ್:

ಟವರ್ ನೀರಿನ ಪಿಎಚ್ ದಿನಾ ಬರೆದಿಡಿ. ಕಾರಣ ಇಲ್ಲದೆ ಏರಿದರೆ ಅನುಮಾನ ಪಡಿ. ಲಿಟ್ಮಸ್ ಕಾಗದ ಮಾತ್ರ ನಂಬಬೇಡಿ, ಟವರ್ ನೀರು ಮೊದಲೇ ಕ್ಷಾರದ ಕಡೆ ಇರುವುದರಿಂದ ಅದು ಸುಮ್ನೆ ನೀಲಿ ತೋರಿಸಬಹುದು. ನೀರಿನಲ್ಲಿ ಅಮೋನಿಯಾ ಪತ್ತೆ ಮಾಡುವ ನೆಸ್ಲರ್ ರಿಏಜೆಂಟ್ ಒಂದು ಸಣ್ಣ ಬಾಟಲಿ ತಂದಿಟ್ಟುಕೊಳ್ಳಿ, ಅದರಲ್ಲಿ ಪಾದರಸ ಉಂಟು, ಕೈಗೆ ತಾಗಿಸಬೇಡಿ, ಚರಂಡಿಗೂ ಚೆಲ್ಲಬೇಡಿ. ಕಂಡೆನ್ಸರ್‌ನಿಂದ ಹೊರಬರುವ ನೀರಿಗೆ ಎರಡು ಹನಿ, ಬೋರ್ ನೀರಿಗೆ ಎರಡು ಹನಿ. ಹೊರಬರುವ ನೀರು ಮಾತ್ರ ಹಳದಿ ತಿರುಗಿದರೆ ಟ್ಯೂಬ್ ಹೋಗಿದೆ.

ಅದರ ಜೊತೆ ನೀರಿನ ಒಳಗಿನ ಬಿಸಿ, ಹೊರಗಿನ ಬಿಸಿ, ಹೆಡ್ ಪ್ರೆಶರ್ ಮೂರನ್ನೂ ದಿನಾ ಒಂದೇ ಹೊತ್ತಿಗೆ ಬರೆಯಿರಿ. ಟ್ಯೂಬ್ ಹೊಸದಿರುವಾಗಿನ ಮೊದಲ ವಾರದ ಅಂಕಿ ಮುಖ್ಯ, ಮುಂದೆ ಹೋಲಿಸಲಿಕ್ಕೆ ಅದೇ ಆಧಾರ. ಆ ಪುಟ ಕಂಪ್ರೆಸರ್ ರೂಮಿನ ಗೋಡೆಗೆ ಅಂಟಿಸಿ.

ಗಂಗೊಳ್ಳಿ_ಫಿಟ್ಟರ್:

ಆರ್ಡರ್ ಕೊಡುವಾಗ ಟ್ಯೂಬ್ ನಾಲ್ಕೈದು ಜಾಸ್ತಿ ಹೇಳಿ ತಮ್ಮ. ರೋಲಿಂಗ್‌ನಲ್ಲಿ ಒಂದೆರಡು ಹಾಳಾಗುತ್ತದೆ, ಜುಲೈ ಕೊನೆಗೆ ಒಂದು ಟ್ಯೂಬಿಗಾಗಿ ಮಂಗಳೂರಿಗೆ ಓಡಬೇಕಾಗುತ್ತದೆ.